"ಬರೀ ಎಲೆ-ಅಡಿಕೆ, ಹೊಗೆಸೊಪ್ಪು ಇಲ್ಲ" ಅನ್ನುವವರು ಒಮ್ಮೆ ಓದಿ (ಅಪ್ಪನ ಬಾಯಿಹುಣ್ಣಿನ ಕತೆ)

ನೀರ್ಚಾಲಿನ ಮಗಳು

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ಪುರುಸೊತ್ತು ಇದ್ದಾಗ ಓದಿ.

ನಮ್ಮ ಅಪ್ಪನಿಗೆ 64. ಕೇರಳದ ಕಾಸರಗೋಡು ಜಿಲ್ಲೆಯ ನೀರ್ಚಾಲಿನಲ್ಲಿ ಅಡಿಕೆ ತೋಟ. ದಿನಕ್ಕೆ ಹತ್ತು ಹನ್ನೆರಡು ಸಲ ಎಲೆ ತಿನ್ನುವವರು. ಹೊಗೆಸೊಪ್ಪು ಮುಟ್ಟಿದವರಲ್ಲ. ಬೀಡಿ ಇಲ್ಲ, ಕುಡಿತ ಇಲ್ಲ. ಊರಲ್ಲಿ ಯಾರಿಗಾದರೂ ಬಾಯಿ ಕ್ಯಾನ್ಸರ್ ಅಂತ ಸುದ್ದಿ ಬಂದರೆ ಅಪ್ಪ ಹೇಳುತ್ತಿದ್ದದ್ದು ಒಂದೇ ಮಾತು: "ಅದು ಹೊಗೆಸೊಪ್ಪಿನವರಿಗೆ. ನಾವು ತಿನ್ನುವುದು ನಮ್ಮದೇ ತೋಟದ ಅಡಿಕೆ." ನಾವೂ ಹಾಗೇ ನಂಬಿಕೊಂಡಿದ್ದೆವು.

ಮೊದಲು ಬಂದದ್ದು ಹುಣ್ಣಲ್ಲ. ಅದು ಈಗ ಯೋಚಿಸಿದರೆ ಗೊತ್ತಾಗುತ್ತದೆ. ಎರಡು ವರ್ಷದಿಂದ ಸಾರಿಗೆ ಖಾರ ಜಾಸ್ತಿ ಅಂತ ಅಮ್ಮನ ಹತ್ತಿರ ದಿನಾ ಜಗಳ. ಅಮ್ಮ ಮೆಣಸು ಕಮ್ಮಿ ಮಾಡುತ್ತಾ ಮಾಡುತ್ತಾ ಕೊನೆಗೆ ಮನೆಯವರಿಗೆಲ್ಲ ಸಪ್ಪೆ ಸಾರು. ಆಮೇಲೆ ಅಪ್ಪ ಹಲಸಿನ ಹಪ್ಪಳವನ್ನು ಚೂರು ಚೂರು ಮಾಡಿ ಬಾಯಿಗೆ ಹಾಕಿಕೊಳ್ಳಲು ಶುರು ಮಾಡಿದರು. ಪಾಯಸಕ್ಕೆ ದೊಡ್ಡ ಚಮಚ ಕೊಟ್ಟರೆ ಬದಿಗಿಟ್ಟು ಚಹಾ ಚಮಚ ಕೇಳುತ್ತಿದ್ದರು. ವಯಸ್ಸಾಯಿತು, ಹಟ ಜಾಸ್ತಿ ಅಂದುಕೊಂಡೆವು. ಬಾಯಿ ತೆರೆಯುವುದೇ ಕಮ್ಮಿಯಾಗಿದೆ ಅಂತ ಮನೆಯಲ್ಲಿ ಐದು ಜನ ಇದ್ದರೂ ಒಬ್ಬರಿಗೂ ಹೊಳೆಯಲಿಲ್ಲ.

ವಿಷುವಿನ ಸಮಯಕ್ಕೆ ಎಡ ಕೆನ್ನೆಯ ಒಳಗೆ, ಕೊನೆಯ ದವಡೆ ಹಲ್ಲಿನ ಹತ್ತಿರ, ಒಂದು ಹುಣ್ಣು. ಉಷ್ಣ ಅಂದೆವು. ಎಳನೀರು, ಮೆಂತೆ ನೀರು, ಪೇರಳೆ ಚಿಗುರು ಜಗಿಯುವುದು, ಎಲ್ಲ ಆಯಿತು. ಮೆಡಿಕಲ್ ಶಾಪಿನಿಂದ ಬಾಯಿಗೆ ಹಚ್ಚುವ ಜೆಲ್ ತಂದೆವು, ಅದು ಎರಡು ಟ್ಯೂಬ್ ಖಾಲಿ. ಹತ್ತಿರದ ಡಾಕ್ಟರು ಬಿ ಕಾಂಪ್ಲೆಕ್ಸ್ ಕೊಟ್ಟರು, ಹದಿನೈದು ದಿನ. ಆಮೇಲೆ ಒಂದು ಕಡೆ ಹಲ್ಲು ಚೂಪಾಗಿದೆ, ಅದೇ ಚುಚ್ಚುವುದು ಅಂತ ಹಲ್ಲು ಕಿತ್ತರು. ಕಿತ್ತ ಜಾಗ ಒಣಗಲಿಲ್ಲ. ಹೀಗೆ ಮೂರು ತಿಂಗಳು ಹೋಯಿತು. ಕೊನೆಗೆ ಇನ್ನೊಬ್ಬ ಹಲ್ಲಿನ ಡಾಕ್ಟರು, ಚಿಕ್ಕ ಪ್ರಾಯದ ಹುಡುಗಿ, ಬಾಯಿ ನೋಡಿದರು, ಕುತ್ತಿಗೆ ಮುಟ್ಟಿ ನೋಡಿದರು, ಫೀಸ್ ತೆಗೆದುಕೊಳ್ಳಲಿಲ್ಲ. "ನಾಳೆ ಅಲ್ಲ, ಇವತ್ತೇ ಮಂಗಳೂರಿಗೆ ಹೋಗಿ" ಅಂದರು.

ಆಪರೇಷನ್ ಆಯಿತು. ಎಡದವಡೆಯ ಮೂಳೆ ಸ್ವಲ್ಪ ತೆಗೆದರು, ಕುತ್ತಿಗೆಯ ಗಂಟುಗಳನ್ನು ತೆಗೆದರು, ಎದೆಯ ಮಾಂಸ ತಿರುಗಿಸಿ ತಂದು ಕೆನ್ನೆಗೆ ಹೊಲಿದರು. ಆಮೇಲೆ 30 ದಿನ ಕರೆಂಟು (ರೇಡಿಯೇಷನ್ನಿಗೆ ನಮ್ಮಲ್ಲಿ ಎಲ್ಲರೂ ಹಾಗೇ ಹೇಳುವುದು). 61 ಕಿಲೋ ಇದ್ದವರು 48ಕ್ಕೆ ಇಳಿದರು. ಈಗ ಎಂಟು ತಿಂಗಳಾಯಿತು, ಇದ್ದಾರೆ, ಗಂಜಿ ಊಟ ಮಾಡುತ್ತಾರೆ. ನನ್ನ ಹೊಟ್ಟೆ ಉರಿಯುವುದು ಆ ಮೂರು ತಿಂಗಳಿಗೆ. ನಿಮ್ಮಲ್ಲಿ ಯಾರಿಗಾದರೂ ಹೀಗೆ ಆಗಿದ್ದರೆ ಬರೆಯಿರಿ. ಖರ್ಚು, ಊಟ, ಕಾಗದಪತ್ರ ಏನಾದರೂ ಸರಿ.

ಬಾಯಾರು ತೋಟದವ

ಅಕ್ಕ, ನಿಮ್ಮ ಅಪ್ಪ ಬೇಗ ಹುಷಾರಾಗಲಿ. ಆದರೆ ಒಂದು ಮಾತು ಹೇಳದೆ ಇರಲಾರೆ. ಅಡಿಕೆ ಬೆಳೆಯುವವರೇ ಅಡಿಕೆಗೆ ಕೆಟ್ಟ ಹೆಸರು ತಂದರೆ ಹೇಗೆ? ತೋಟಕ್ಕೆ ಕೊಳೆರೋಗ, ಹಳದಿರೋಗ, ಈಗ ಎಲೆಚುಕ್ಕಿ ಬೇರೆ, ಅದರ ಮೇಲೆ ಇದು. ನನ್ನ ಅಜ್ಜ 92 ವರ್ಷ ಬದುಕಿದರು, ಹಲ್ಲು ಹೋದ ಮೇಲೆ ಕುಟ್ಟಾಣಿಯಲ್ಲಿ ಕುಟ್ಟಿ ತಿಂದರು, ಏನೂ ಆಗಲಿಲ್ಲ. ಗುಟ್ಕಾದಲ್ಲಿ ಏನೇನೋ ಕೆಮಿಕಲ್ ಹಾಕುತ್ತಾರೆ, ಅದರ ಪಾಪ ಅಡಿಕೆಯ ತಲೆಗೆ.

ಉಪ್ಪಳ ಡ್ರೈವರ್

ಎಲ್ಲರ ಮನೆಯಲ್ಲೂ ಅಂಥ ಒಬ್ಬ ಅಜ್ಜ ಇರುತ್ತಾರೆ ಅಣ್ಣ. ನಮ್ಮ ಮನೆಯಲ್ಲೂ ಇದ್ದರು. ನನಗೆ 38ಕ್ಕೆ ಬಂತು.

ಹಲ್ಲು ಡಾಕ್ಟ್ರು

ನಾನು ಬದಿಯಡ್ಕ ಕಡೆಯವನು, ಮಂಗಳೂರಿನಲ್ಲಿ ಹಲ್ಲಿನ ಡಾಕ್ಟರು. ನಮ್ಮದೂ ಅಡಿಕೆ ತೋಟವೇ. ಕಾಲೇಜು ಫೀಸು ಕಟ್ಟಿದ್ದು ಅಡಿಕೆ ಮಾರಿ. ಆದ್ದರಿಂದ ಬೈಯುವ ಮೊದಲು ಪೂರ್ತಿ ಓದಿ.

ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲಿ ಒಂದು ವರದಿ ಪ್ರಕಟಿಸಿತು. ಅಡಿಕೆಯೇ ಮನುಷ್ಯರಲ್ಲಿ ಕ್ಯಾನ್ಸರ್ ತರುತ್ತದೆ ಅಂತ ಅದರಲ್ಲಿ ಹೇಳಿದರು. ಹೊಗೆಸೊಪ್ಪು ಇಲ್ಲದ ಎಲೆ-ಅಡಿಕೆಯನ್ನೂ ಕ್ಯಾನ್ಸರ್ ತರುವುದು ಖಚಿತ ಅನ್ನುವ ಅದೇ ಮೊದಲನೇ ಗುಂಪಿಗೆ ಹಾಕಿದರು. ತೈವಾನಿನಲ್ಲಿ ಜನ ಹೊಗೆಸೊಪ್ಪು ಸೇರಿಸದೆ ಬರೀ ಅಡಿಕೆ ತಿನ್ನುತ್ತಾರೆ. ಅಲ್ಲಿ ಗಂಡಸರಲ್ಲಿ ಬಾಯಿ ಕ್ಯಾನ್ಸರ್ ತುಂಬಾ. ಗುಟ್ಕಾದ ಕೆಮಿಕಲ್ ಅನ್ನುವ ವಾದ ಅಲ್ಲಿಗೆ ನಿಲ್ಲುತ್ತದೆ.

ಆ ಅಕ್ಕ ಬರೆದ ಹಪ್ಪಳದ ವಿಷಯ ಇದೆಯಲ್ಲ, ಅದನ್ನು ಇನ್ನೊಮ್ಮೆ ಓದಿ. ಖಾರ ತಡೆಯುವುದಿಲ್ಲ, ಬಾಯಿ ಪೂರ್ತಿ ತೆರೆಯುವುದಿಲ್ಲ. ಅದಕ್ಕೆ ಸಬ್‌ಮ್ಯೂಕಸ್ ಫೈಬ್ರೋಸಿಸ್ ಅನ್ನುತ್ತೇವೆ. ಅಡಿಕೆಯಲ್ಲಿ ಅರೆಕೋಲಿನ್ ಅಂತ ಒಂದು ಅಂಶ ಇದೆ. ಅದು ಕೆನ್ನೆಯ ಒಳಪದರದ ಕೆಳಗೆ ನಾರು ಬೆಳೆಸುತ್ತದೆ. ಬೆರಳು ಹಾಕಿ ಮುಟ್ಟಿದರೆ ಹುರಿ ಹಗ್ಗದ ಹಾಗೆ ಬಿಗಿಯಾಗಿ ಸಿಗುತ್ತದೆ. ಇದು ಬಂದವರಿಗೆಲ್ಲ ಕ್ಯಾನ್ಸರ್ ಆಗುವುದಿಲ್ಲ. ಆದರೆ ಕೆಲವರಿಗೆ ಆಗುತ್ತದೆ, ಯಾರಿಗೆ ಅಂತ ಮೊದಲೇ ಹೇಳಲು ಬರುವುದಿಲ್ಲ. ಹೊಗೆಸೊಪ್ಪು, ಬೀಡಿ, ಕುಡಿತ ಸೇರಿದರೆ ಅಪಾಯ ಒಂದಕ್ಕೊಂದು ಕೂಡುವುದಲ್ಲ, ಗುಣಿಸಿಕೊಳ್ಳುತ್ತದೆ.

ಮನೆಯಲ್ಲೇ ಮಾಡಿ ನೋಡಿ. ನಿಮ್ಮದೇ ಕೈಯ ಮೂರು ಬೆರಳು ಒಂದರ ಮೇಲೊಂದು ನಿಲ್ಲಿಸಿ ಮೇಲಿನ ಮತ್ತು ಕೆಳಗಿನ ಮುಂಬಲ್ಲುಗಳ ನಡುವೆ ತೂರಿಸಿ. ಮೂರೂ ಹೋದರೆ ಸರಿ. ಎರಡೇ ಹೋದರೆ ಡಾಕ್ಟರಿಗೆ ತೋರಿಸಿ.

ಲೆಕ್ಕ ಬೇಕಾದವರಿಗೆ: 2022ರಲ್ಲಿ ಜಗತ್ತಿನಲ್ಲಿ ಬಂದ ಬಾಯಿ ಕ್ಯಾನ್ಸರಿನಲ್ಲಿ ಸುಮಾರು ಮೂರರಲ್ಲಿ ಒಂದು ಹೊಗೆಸೊಪ್ಪು ಜಗಿಯುವುದು ಮತ್ತು ಅಡಿಕೆಯಿಂದ ಬಂದದ್ದು ಅಂತ ಅದೇ ಸಂಸ್ಥೆ ಅಂದಾಜು ಮಾಡಿದೆ. ಅದರಲ್ಲಿ ಭಾರತದ ಪಾಲು 83,400.

ಹೊಸದುರ್ಗದವ

ನಮ್ಮ ಹೊಸದುರ್ಗ ತಾಲೂಕಿನಲ್ಲಿ (ಕಾಸರಗೋಡಿನದು, ಚಿತ್ರದುರ್ಗದ್ದಲ್ಲ) ಹೊಗೆಸೊಪ್ಪೇ ಬೆಳೆ ಆಗಿತ್ತು. ಪಳ್ಳಿಕ್ಕರೆ, ಅಜಾನೂರು ಕಡೆ ಮರಳು ಗದ್ದೆಯಲ್ಲಿ. ಕೊಡಪಾನದಲ್ಲಿ ನೀರು ಹೊತ್ತು ಗಿಡಗಳಿಗೆ ಹಾಕುತ್ತಿದ್ದರು. ಈಗ ಬೆಳೆಯುವವರು ಬೆರಳೆಣಿಕೆ. ಒಂದು ಕಡೆ ಅಡಿಕೆ, ಒಂದು ಕಡೆ ಹೊಗೆಸೊಪ್ಪು, ಸುಣ್ಣಕ್ಕೆ ಕಡಲ ಚಿಪ್ಪು. ನಮ್ಮ ಜಿಲ್ಲೆಗೆ ಹೊರಗಿನಿಂದ ಏನೂ ತರಬೇಕಾಗಿರಲಿಲ್ಲ ನೋಡಿ.

ಉಪ್ಪಳ ಡ್ರೈವರ್

ನನ್ನದು ಹೇಳುತ್ತೇನೆ. ಟೈಪ್ ಮಾಡುವುದು ಸುಲಭ, ಮಾತಾಡುವುದು ಕಷ್ಟ, ಆದ್ದರಿಂದ ಇಲ್ಲಿ ಜಾಸ್ತಿ ಬರೆಯುತ್ತೇನೆ.

ಲಾರಿ ಓಡಿಸುತ್ತಿದ್ದೆ. ರಾತ್ರಿ ನಿದ್ದೆ ಬರಬಾರದು ಅಂತ ಗುಟ್ಕಾ. ದಿನಕ್ಕೆ ಹದಿನೈದು ಪ್ಯಾಕೆಟ್. ಕೇರಳದಲ್ಲಿ 2012ರಲ್ಲಿ ನಿಷೇಧ ಬಂತು, ಆಗ ತಲಪಾಡಿ ಗಡಿ ದಾಟಿ ಕರ್ನಾಟಕದಿಂದ ತರುತ್ತಿದ್ದೆವು. ಮರುವರ್ಷ ಕರ್ನಾಟಕದಲ್ಲೂ ಬಂತು. ಕಂಪನಿಯವರು ಬುದ್ಧಿವಂತರು. ಪಾನ್ ಮಸಾಲ ಒಂದು ಪ್ಯಾಕೆಟ್, ಹೊಗೆಸೊಪ್ಪಿನ ಪುಡಿ ಇನ್ನೊಂದು ಪ್ಯಾಕೆಟ್. ಎರಡನ್ನೂ ಅಂಗೈಯಲ್ಲಿ ಸುರಿದು ಬಾಯಿಗೆ. ನಿಷೇಧ ಅಂದರೆ ನಮಗೆ ಒಂದರ ಬದಲು ಎರಡು ಪ್ಯಾಕೆಟ್ ಹರಿಯುವ ಕೆಲಸ, ಅಷ್ಟೇ.

ನನಗೆ ನಾಲಗೆಯ ಬದಿಯಲ್ಲಿ. ಅರ್ಧ ನಾಲಗೆ ತೆಗೆದರು, ಮೊಣಕೈ ಕೆಳಗಿನ ಚರ್ಮ ತಂದು ಹೊಲಿದರು. ಈಗ "ರ" ಬರುವುದಿಲ್ಲ. ಲಾರಿ ಅನ್ನಲೂ ಆಗುವುದಿಲ್ಲ. ಫೋನಿನಲ್ಲಿ ನಾನು ಮಾತಾಡಿದರೆ ಆ ಕಡೆಯವರು ಕುಡಿದಿದ್ದಾನೆ ಅಂತ ಇಟ್ಟುಬಿಡುತ್ತಾರೆ. ಆರನೇ ಕ್ಲಾಸಿನ ಮಗಳು ಪಕ್ಕದಲ್ಲಿ ನಿಂತು "ಅಪ್ಪ ಹೇಳಿದ್ದು ಹೀಗೆ" ಅಂತ ಹೇಳುತ್ತಾಳೆ.

ಆಸ್ಪತ್ರೆ ಖರ್ಚು ಒಂದು ಲೆಕ್ಕ. ಅದಕ್ಕೆ ಆರೋಗ್ಯ ಕಾರ್ಡ್ ಇತ್ತು. ಕೆಲಸ ಇಲ್ಲದೆ ಕೂತ ಹನ್ನೊಂದು ತಿಂಗಳಿಗೆ ಯಾವ ಕಾರ್ಡೂ ಇಲ್ಲ. ಹೆಂಡತಿ ಬೀಡಿ ಕಟ್ಟಿ ಮನೆ ನಡೆಸಿದಳು. ಹೊಗೆಸೊಪ್ಪಿನಿಂದ ಬಂದ ಕಾಯಿಲೆಗೆ ಬಸ್ ಚಾರ್ಜು ಹುಟ್ಟಿದ್ದು ಹೊಗೆಸೊಪ್ಪಿನಿಂದಲೇ. ನಗಬೇಕೋ ಏನು ಮಾಡಬೇಕೋ.

ಕುಂಬಳೆ ಹುಡುಗ

ಓದಿ ಕೈಕಾಲು ತಣ್ಣಗಾಯ್ತು. ನನಗೆ 29. ಬಲ ಕೆನ್ನೆಯ ಒಳಗೆ ಒಂದು ಬಿಳಿ ಕಲೆ ಇದೆ, ಐದಾರು ತಿಂಗಳಾಯ್ತು. ಉಜ್ಜಿದರೆ ಹೋಗಲ್ಲ. ನೋವೂ ಇಲ್ಲ. ನೋವಿಲ್ಲ ಅಂದರೆ ತೊಂದರೆ ಇಲ್ಲ ಅಲ್ವಾ? ನಾನು ಅಮ್ಮನ ಎಲೆ ಪೆಟ್ಟಿಗೆಯಿಂದ ಊಟ ಆದ ಮೇಲೆ ತಿನ್ನುವುದು, ಮತ್ತೆ ಅಂಗಡಿಯಲ್ಲಿ ಕೂತಾಗ ಪಾನ್ ಮಸಾಲ.

ಹಲ್ಲು ಡಾಕ್ಟ್ರು

ತಮ್ಮಾ, ನೋವಿಲ್ಲ ಅನ್ನುವುದು ಸಮಾಧಾನದ ಮಾತಲ್ಲ. ಬಾಯಿ ಕ್ಯಾನ್ಸರ್ ಶುರುವಿನಲ್ಲಿ ನೋಯುವುದು ಕಮ್ಮಿ. ಬಿಸಿ ಅನ್ನ ತಾಗಿ ಬಂದ ಹುಣ್ಣು ನೋಯುತ್ತದೆ, ವಾರದಲ್ಲಿ ಮಾಯ. ಎರಡು ವಾರ ದಾಟಿದ ಹುಣ್ಣು, ಉಜ್ಜಿದರೆ ಹೋಗದ ಬಿಳಿ ಕಲೆ, ಅದಕ್ಕಿಂತ ಹೆಚ್ಚಾಗಿ ಕೆಂಪು ಕಲೆ, ಕಾರಣ ಇಲ್ಲದೆ ಅಲ್ಲಾಡುವ ಹಲ್ಲು, ಕುತ್ತಿಗೆಯಲ್ಲಿ ಗಂಟು. ಇದರಲ್ಲಿ ಒಂದಿದ್ದರೂ ಹೋಗಿ ತೋರಿಸಬೇಕು. ಹೆಚ್ಚಿನ ಬಿಳಿ ಕಲೆಗಳು ಕ್ಯಾನ್ಸರ್ ಅಲ್ಲ. ಆದರೆ ನೋಡಿ ಹೇಳಲು ನನಗೂ ಆಗುವುದಿಲ್ಲ, ಚೂರು ತೆಗೆದು ಪರೀಕ್ಷೆ ಮಾಡಬೇಕು.

ಈಗ ಕೇಳುತ್ತೀರಿ ಅಂತ ಗೊತ್ತು: "ಚಾಕು ತಾಗಿದರೆ ಹರಡುತ್ತದಂತೆ". ಹರಡುವುದಿಲ್ಲ. ಈ ಒಂದು ಮಾತಿಗೆ ಹೆದರಿ ಓಡಿಹೋದವರು ಆರು ತಿಂಗಳ ಮೇಲೆ ಕೆನ್ನೆಯಲ್ಲಿ ತೂತಿನೊಂದಿಗೆ ವಾಪಸ್ ಬಂದದ್ದನ್ನು ನಾನು ನೋಡಿದ್ದೇನೆ. ಆಗ ಎಲ್ಲರೂ ಹೇಳುವುದು, ನೋಡಿ, ಚಾಕು ತಾಗಿದ್ದಕ್ಕೇ ಹೀಗಾಯಿತು ಅಂತ.

ಗಡಿನಾಡಿನವ

ಡಾಕ್ಟ್ರೇ, ನನ್ನ ಭಾವನಿಗೆ ಕುತ್ತಿಗೆಯಲ್ಲಿ ಗಂಟೇ ಇರಲಿಲ್ಲ. ನಾಲಗೆಯಲ್ಲಿ ಸಣ್ಣದು. ಆದರೂ ಕುತ್ತಿಗೆ ಕೊಯ್ಯಬೇಕು ಅಂದರು. ದುಡ್ಡಿಗೆ ಅಂತ ನಮಗೆ ಅನುಮಾನ.

ಹಲ್ಲು ಡಾಕ್ಟ್ರು

ಅನುಮಾನ ಬರುವುದು ಸಹಜ. ಆದರೆ ಇದಕ್ಕೆ ಉತ್ತರ ಸಿಕ್ಕಿದ್ದು ನಮ್ಮ ದೇಶದಲ್ಲೇ. ಮುಂಬೈಯ ಟಾಟಾ ಮೆಮೋರಿಯಲ್ ಆಸ್ಪತ್ರೆಯವರು ಶುರುವಿನ ಹಂತದ ರೋಗಿಗಳಲ್ಲಿ ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಗಂಟು ಕಾಣದಿದ್ದರೂ ಬಾಯಿಯ ಜೊತೆಗೇ ಕುತ್ತಿಗೆಯ ಆಪರೇಷನ್, ಇನ್ನೊಂದಕ್ಕೆ ಗಂಟು ಕಂಡ ಮೇಲೆ. ಮೂರು ವರ್ಷ ಆದಾಗ ಮೊದಲ ಗುಂಪಿನಲ್ಲಿ ಶೇ. 80 ಜನ ಬದುಕಿದ್ದರು, ಎರಡನೆಯದರಲ್ಲಿ ಶೇ. 67.5. 2015ರಲ್ಲಿ ಇದು ಪ್ರಕಟವಾಯಿತು, ಈಗ ಹೆಚ್ಚಿನ ಕಡೆ ಹೀಗೇ ಮಾಡುತ್ತಾರೆ. ಕಣ್ಣಿಗೆ ಕಾಣದ ಕ್ಯಾನ್ಸರಿನ ಕಾಳು ಕೆಲವರಲ್ಲಿ ಗಂಟಿನೊಳಗೆ ಸೇರಿರುತ್ತದೆ, ಅದಕ್ಕೆ.

ಇನ್ನೊಂದು ಮಾತು, ಕರೆಂಟು ಕೊಡುವ ಮೊದಲು ಹಾಳಾದ ಹಲ್ಲು ತೆಗೆಸಿಬಿಡಿ. ಆಮೇಲೆ ಕಿತ್ತರೆ ದವಡೆ ಮೂಳೆ ಒಣಗದೆ ಕೊಳೆಯಬಹುದು. ಇದನ್ನು ಹೇಳದೆ ಬಿಡುವವರು ಬಹಳ.

ನೀರ್ಚಾಲಿನ ಮಗಳು

ಹಲ್ಲಿನ ವಿಷಯ ನಮಗೆ ಹೇಳಿದ್ದರು, ಪುಣ್ಯ.

ಊಟದ ಬಗ್ಗೆ ಒಬ್ಬರು ಮೆಸೇಜು ಮಾಡಿ ಕೇಳಿದ್ದಾರೆ, ಇಲ್ಲೇ ಬರೆಯುತ್ತೇನೆ. ಮೂಗಿನಲ್ಲಿ ಪೈಪು ಇದ್ದದ್ದು ಮೂರು ತಿಂಗಳು. ಎರಡು ಗಂಟೆಗೊಮ್ಮೆ 200 ಎಂಎಲ್. ರಾಗಿ ಅಂಬಲಿ, ಹೆಸರುಬೇಳೆ ಕಟ್ಟು, ಹಾಲು. ಎಲ್ಲ ಪಂಚೆಯ ಬಟ್ಟೆಯಲ್ಲಿ ಎರಡು ಸಲ ಸೋಸಬೇಕು. ಒಂದು ದಿನ ನಾನು ಅವಸರದಲ್ಲಿ ಒಂದೇ ಸಲ ಸೋಸಿದೆ, ರಾಗಿ ತರಿ ಸಿಕ್ಕಿಕೊಂಡಿತು, ಪೈಪು ಬದಲಿಸಲು ರಾತ್ರಿ ಒಂಬತ್ತಕ್ಕೆ ಜೀಪು ಮಾಡಿಕೊಂಡು ಹೋದೆವು. ಕೊಟ್ಟ ಮೇಲೆ ಪ್ರತಿ ಸಲವೂ ಬರೀ ನೀರು ಬಿಟ್ಟು ತೊಳೆಯಲೇಬೇಕು. ಸಿರಿಂಜು ಎತ್ತರ ಹಿಡಿದರೆ ತಾನಾಗಿ ಇಳಿಯುತ್ತದೆ, ಒತ್ತಬೇಡಿ. ಅಪ್ಪ ಕೂತೇ ಇರಬೇಕು, ಅರ್ಧ ಗಂಟೆ ಮಲಗಬಾರದು.

ಕರೆಂಟಿನ ಮೂರನೇ ವಾರದಿಂದ ಬಾಯಿ ಪೂರ್ತಿ ಬೆಂದ ಹಾಗೆ. ಉಗುಳು ಅಂಟು ಅಂಟು. ಉಪ್ಪು ಮತ್ತು ಅಡಿಗೆ ಸೋಡಾ ಹಾಕಿದ ನೀರಿನಲ್ಲಿ ಬಾಯಿ ಮುಕ್ಕಳಿಸಲು ಹೇಳಿದ್ದರು. ಈಗಲೂ ಉಗುಳು ಸರಿಯಾಗಿ ಬರುವುದಿಲ್ಲ, ಕೈಯಲ್ಲಿ ಸದಾ ನೀರಿನ ಬಾಟಲಿ. ಬಾಯಿ ತೆರೆಯುವ ವ್ಯಾಯಾಮಕ್ಕೆ ಐಸ್‌ಕ್ರೀಮ್ ಕಡ್ಡಿಗಳನ್ನು ಹಲ್ಲಿನ ನಡುವೆ ಇಟ್ಟು ಒಂದೊಂದೇ ಹೆಚ್ಚಿಸುವುದು. ಆಪರೇಷನ್ ಆದಾಗ ಐದು ಕಡ್ಡಿ, ಈಗ ಹನ್ನೆರಡು. ಅಡಿಕೆ ಹೆಕ್ಕಿ ಲೆಕ್ಕ ಬರೆಯುವ ಡೈರಿಯಲ್ಲೇ ಅಪ್ಪ ಕಡ್ಡಿ ಲೆಕ್ಕ ಬರೆಯುತ್ತಾರೆ.

ಮುಳ್ಳೇರಿಯ ಅಕ್ಕ

ನಾನು ಪಾಲಿಯೇಟಿವ್ (ನೋವು, ಸಂಕಟ ಕಮ್ಮಿ ಮಾಡುವ ಆರೈಕೆ) ತಂಡದ ಜೊತೆ ಮನೆ ಮನೆಗೆ ಹೋಗುವವಳು. ಕೇರಳದಲ್ಲಿ ಇರುವ ನಮಗೆ ಇದೊಂದು ಇದೆ, ಬಳಸಿಕೊಳ್ಳಿ. ಪಂಚಾಯತಿನ ಪಾಲಿಯೇಟಿವ್ ನರ್ಸು ಮನೆಗೇ ಬಂದು ಗಾಯ ತೊಳೆಯುತ್ತಾರೆ, ಪೈಪು ಬದಲಿಸುತ್ತಾರೆ. ಮೇಲೆ ಬರೆದ ಹಾಗೆ ರಾತ್ರಿ ಜೀಪು ಮಾಡುವ ಮೊದಲು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಒಮ್ಮೆ ಹೆಸರು ಬರೆಸಿಡಿ. ಪಾಲಿಯೇಟಿವ್ ಅಂದರೆ ಸಾಯುವವರಿಗೆ ಅಂತ ಜನ ಬಾಗಿಲು ಹಾಕುತ್ತಾರೆ. ಹಾಗಲ್ಲ, ಚಿಕಿತ್ಸೆ ನಡೆಯುವಾಗಲೇ ಬರುತ್ತಾರೆ. ನೋವಿಗೆ ಮಾರ್ಫಿನ್ ಮಾತ್ರೆ ಕೊಡುತ್ತಾರೆ. ಡಾಕ್ಟರು ಹೇಳಿದ ಲೆಕ್ಕದಲ್ಲಿ ತೆಗೆದುಕೊಂಡರೆ ಅದು ಚಟ ಹಿಡಿಸುವುದು ಅಪರೂಪ.

ಒಂದು ಮನೆಗೆ ಹೋಗಿದ್ದೆ, ಎಲ್ಲಿ ಅಂತ ಬೇಡ. ಆ ಹೆಂಗಸನ್ನು ಕೊಟ್ಟಿಗೆಯ ಪಕ್ಕದ ಕೋಣೆಯಲ್ಲಿ ಮಲಗಿಸಿದ್ದರು. ತಟ್ಟೆ ಬೇರೆ, ಲೋಟ ಬೇರೆ. ಮೊಮ್ಮಗುವನ್ನು ಹತ್ತಿರ ಬಿಡುವುದಿಲ್ಲ. ಗಾಯದ ವಾಸನೆ ಅಂತ ಒಂದು ಕಾರಣ, ಅಂಟಿಕೊಳ್ಳುತ್ತದೆ ಅಂತ ಇನ್ನೊಂದು. ಕ್ಯಾನ್ಸರ್ ಅಂಟುರೋಗ ಅಲ್ಲವೇ ಅಲ್ಲ. ವಾಸನೆಗೆ ನಮ್ಮ ನರ್ಸು ಮೆಟ್ರೊನಿಡಜೋಲ್ ಮಾತ್ರೆ ಪುಡಿ ಮಾಡಿ ಗಾಯಕ್ಕೆ ಉದುರಿಸಿ ಕಟ್ಟಿದರು. ಮೂರು ದಿನದಲ್ಲಿ ವಾಸನೆ ಕಮ್ಮಿ. ನಾಲ್ಕನೇ ದಿನ ಹೋದಾಗ ಮಗು ಮಂಚದ ಮೇಲೆ ಕೂತು ಬಣ್ಣ ಹಚ್ಚುತ್ತಿತ್ತು. ಅಷ್ಟು ಕಮ್ಮಿ ಬೆಲೆಯ ಮಾತ್ರೆ ಅದು, ಯಾರೂ ಹೇಳಿರಲಿಲ್ಲ.

ಗಡಿನಾಡಿನವ

ಹೇಳುವವರು ಯಾವ ಭಾಷೆಯಲ್ಲಿ ಹೇಳುತ್ತಾರೆ ಅನ್ನುವುದೂ ಇದೆಯಲ್ಲ. ನಮ್ಮ ಅತ್ತೆಗೆ ತುಳು, ಕನ್ನಡ ಬಿಟ್ಟರೆ ಬೇರೆ ಬಾರದು. ತೆಂಕಿನ ಆಸ್ಪತ್ರೆಗೆ ಹೋದರೆ ಚೀಟಿ ಮಲಯಾಳದಲ್ಲಿ, ಆಪರೇಷನ್ನಿಗೆ ಸಹಿ ಹಾಕುವ ಕಾಗದ ಮಲಯಾಳದಲ್ಲಿ. ಓದಲು ಬಾರದೆ ಹೆಬ್ಬೆಟ್ಟು ಒತ್ತಿದವರಲ್ಲ ಅವರು, ಎಂಟನೇ ಕ್ಲಾಸು ಕನ್ನಡ ಓದಿದವರು. ಮಂಗಳೂರಿಗೆ ಹೋದರೆ ಭಾಷೆ ಸರಿ, ಆದರೆ ಕಾರ್ಡು ಕೇರಳದ್ದು.

2020ರ ಲಾಕ್‌ಡೌನ್ ನೆನಪಿದೆಯಲ್ಲ. ಗಡಿಯ ರಸ್ತೆಗೆ ಮಣ್ಣು ಸುರಿದಾಗ ನಮ್ಮ ಬೀದಿಯ ಒಬ್ಬರ ಕೀಮೋ ಅರ್ಧಕ್ಕೆ ನಿಂತಿತು. ಹತ್ತು ಕಿಲೋಮೀಟರ್ ಆಚೆ ಆಸ್ಪತ್ರೆ, ನಡುವೆ ಮಣ್ಣಿನ ಗುಡ್ಡೆ.

ಮುಳ್ಳೇರಿಯ ಅಕ್ಕ

ಕಾರ್ಡಿನ ಬಗ್ಗೆ ಗೊತ್ತಿರುವಷ್ಟು ಹೇಳುತ್ತೇನೆ. ಕೇರಳದ ಕಾರುಣ್ಯ ಆರೋಗ್ಯ ಸುರಕ್ಷಾ ಕಾರ್ಡ್ ಇದ್ದರೆ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ. ತಲಶ್ಶೇರಿಯ ಮಲಬಾರ್ ಕ್ಯಾನ್ಸರ್ ಸೆಂಟರ್, ತಿರುವನಂತಪುರದ ರೀಜನಲ್ ಕ್ಯಾನ್ಸರ್ ಸೆಂಟರ್‌ಗೆ ಹೋಗುವುದಾದರೆ ಕಾರ್ಡು ಕೈಯಲ್ಲಿರಲಿ. ಮಂಗಳೂರಿನಲ್ಲಿ ಎಲ್ಲ ಕಡೆ ನಡೆಯುವುದಿಲ್ಲ. ಅಡ್ಮಿಟ್ ಆಗುವ ಮೊದಲೇ ಕೌಂಟರಿನಲ್ಲಿ ಕೇಳಿ, ಆದ ಮೇಲೆ ಅಲ್ಲ. ಕಾರ್ಡ್ ಇಲ್ಲದವರು, ವರ್ಷದ ಆದಾಯ 3 ಲಕ್ಷಕ್ಕಿಂತ ಕಮ್ಮಿ ಇದ್ದರೆ, ಕಾರುಣ್ಯ ಬೆನೆವೊಲೆಂಟ್ ಫಂಡಿಗೆ ಅರ್ಜಿ ಹಾಕಬಹುದು. ರೈಲಿನಲ್ಲಿ ಚಿಕಿತ್ಸೆಗೆ ಹೋಗುವ ಕ್ಯಾನ್ಸರ್ ರೋಗಿಗೆ ಸ್ಲೀಪರಿನಲ್ಲಿ ಟಿಕೆಟ್ ಪೂರ್ತಿ ಮಾಫಿ, ಜೊತೆಗೆ ಹೋಗುವ ಒಬ್ಬರಿಗೆ ಶೇ. 75 ಕಮ್ಮಿ. ಆಸ್ಪತ್ರೆಯಿಂದ ಅದರ ಫಾರ್ಮ್ ತೆಗೆದುಕೊಳ್ಳಿ.

ಬಾಯಾರು ತೋಟದವ

ನಿನ್ನೆಯಿಂದ ಓದುತ್ತಿದ್ದೇನೆ. ಮೊದಲು ಬರೆದದ್ದಕ್ಕೆ ಬೇಜಾರು ಮಾಡಿಕೊಳ್ಳಬೇಡಿ ಅಕ್ಕ. ರಾತ್ರಿ ಊಟ ಆದ ಮೇಲೆ ಆ ಬೆರಳಿನ ಪರೀಕ್ಷೆ ಮಾಡಿದೆ. ನನ್ನದು ಎರಡೂವರೆ. ಹೆಂಡತಿ ಎರಡೇ ಅನ್ನುತ್ತಾಳೆ, ನಾನು ಬೆರಳು ಓರೆ ಮಾಡಿದೆನಂತೆ.

ಆದರೂ ಕೇಳುತ್ತೇನೆ. ತೋಟ ಕಡಿದು ಏನು ಮಾಡುವುದು? ನಾವು ಒಣಗಿಸುವ ಚಾಲಿ ಅಡಿಕೆ ನಾವೇ ತಿನ್ನುವುದು ಎಷ್ಟು? ಹೆಚ್ಚಿನದೆಲ್ಲ ಉತ್ತರಕ್ಕೆ ಹೋಗುತ್ತದೆ, ಅಲ್ಲಿ ಪಾನ್ ಮಸಾಲ ಆಗುತ್ತದೆ. ಮಗನ ಓದು, ಮಗಳ ಮದುವೆ, ಸೊಸೈಟಿಯ ಸಾಲ, ಎಲ್ಲ ಅದರಲ್ಲೇ.

ಹಲ್ಲು ಡಾಕ್ಟ್ರು

ತೋಟ ಕಡಿಯಿರಿ ಅಂತ ನಾನು ಹೇಳಲಿಲ್ಲ ಮಾರಾಯ್ರೇ, ನಮ್ಮ ಅಪ್ಪನಿಗೂ ಹೇಳುವ ಧೈರ್ಯ ಇಲ್ಲ. ಉತ್ತರ ನನ್ನ ಹತ್ತಿರ ಇಲ್ಲ. ಎರಡೂವರೆಗೆ ಮಾತ್ರ ಉತ್ತರ ಇದೆ. ತಿನ್ನುವುದು ನಿಲ್ಲಿಸಿ, ಬಂದು ತೋರಿಸಿ. ಕಟ್ಟಿದ ನಾರು ಪೂರ್ತಿ ಕರಗುವುದಿಲ್ಲ, ಆದರೆ ನಿಲ್ಲಿಸಿದರೆ ಮುಂದಿನ ಅಪಾಯ ಇಳಿಯುತ್ತದೆ. ಬಿಡಲು ಕಷ್ಟ ಆದರೆ 1800 11 2356, ದುಡ್ಡಿಲ್ಲದೆ ಮಾತಾಡಬಹುದಾದ ನಂಬರು. ಹೊಗೆಸೊಪ್ಪಿನ ಪ್ಯಾಕೆಟಿನ ಮೇಲೇ ಅಚ್ಚು ಹಾಕಿರುತ್ತಾರೆ, ಯಾರೂ ಓದುವುದಿಲ್ಲ ಅಷ್ಟೇ.

ಮತ್ತೆ, ಬಾಯಿ ನೋಡಲು ದೊಡ್ಡ ಡಾಕ್ಟರೇ ಬೇಕು ಅಂತಿಲ್ಲ. ತಿರುವನಂತಪುರದ ಹಳ್ಳಿಗಳಲ್ಲಿ 1996ರಿಂದ ಇದನ್ನು ಮಾಡಿ ತೋರಿಸಿದ್ದಾರೆ. ತರಬೇತಿ ಪಡೆದ ಕಾರ್ಯಕರ್ತರು ಮನೆ ಮನೆಗೆ ಹೋಗಿ ಟಾರ್ಚಿನ ಬೆಳಕಿನಲ್ಲಿ ಬಾಯಿ ನೋಡಿದರು, ಅಷ್ಟೇ. ಹೊಗೆಸೊಪ್ಪು ಅಥವಾ ಕುಡಿತ ಇದ್ದವರಲ್ಲಿ ಬಾಯಿ ಕ್ಯಾನ್ಸರಿನಿಂದ ಸಾಯುವವರ ಸಂಖ್ಯೆ ಸುಮಾರು ಮೂರನೇ ಒಂದು ಭಾಗ ಇಳಿಯಿತು. ಟಾರ್ಚು ಎಲ್ಲರ ಮೊಬೈಲಿನಲ್ಲೂ ಇದೆ ಈಗ.

ಉಪ್ಪಳ ಡ್ರೈವರ್

ಕುಂಬಳೆ ತಮ್ಮ ಎಲ್ಲಿ? ತೋರಿಸಿದೆಯಾ ಇಲ್ವಾ? ಒಬ್ಬನೇ ಹೋಗಲು ಹೆದರಿಕೆ ಇದ್ದರೆ ಹೇಳು, ನಾನು ಬರುತ್ತೇನೆ. ಮಂಗಳವಾರ ನನಗೂ ಚೆಕಪ್. ಬೆಳಗ್ಗಿನ ಲೋಕಲ್‌ನಲ್ಲಿ ನಿನ್ನದು ಕುಂಬಳೆ, ನನ್ನದು ಉಪ್ಪಳ, ಮುಂದಿನ ಬೋಗಿಯಲ್ಲಿ ಕೂತಿರು.

ನೀರ್ಚಾಲಿನ ಮಗಳು

ಹೌದು, ಹೋಗಿ ಬಾ. ಜೆಲ್ ಮಾತ್ರ ತರಬೇಡ.

ಕುಂಬಳೆ ಹುಡುಗ

ಅಣ್ಣನ ಜೊತೆ ಹೋಗಿ ಬಂದೆ. ಇಡೀ ದಾರಿ ಅಣ್ಣ ಮಾತಾಡಿದರು, ಸುರತ್ಕಲ್ಲಿಗೆ ಲೋಡು ಹಾಕಿದ ಕತೆ, ಅರ್ಧ ನನಗೆ ಅರ್ಥ ಆಗಲಿಲ್ಲ, ಆದರೂ ನಗು ಬಂತು. ಡಾಕ್ಟರು ಒಂದು ಇಂಜೆಕ್ಷನ್ ಕೊಟ್ಟು ಕೆನ್ನೆಯಿಂದ ಅಕ್ಕಿ ಕಾಳಿನಷ್ಟು ಚೂರು ತೆಗೆದರು. ಎರಡು ಹೊಲಿಗೆ. ಐದು ನಿಮಿಷವೂ ಆಗಲಿಲ್ಲ. ರಿಪೋರ್ಟು ಬರಲು ಒಂದು ವಾರ.

ಅಮ್ಮ ಎಲೆ ಪೆಟ್ಟಿಗೆಯನ್ನು ಅಟ್ಟದ ಮೇಲೆ ಹಳೆ ಹಂಡೆಯೊಳಗೆ ಅಡಗಿಸಿದ್ದಾರೆ. ನನಗೆ ಗೊತ್ತಿಲ್ಲ ಅಂದುಕೊಂಡಿದ್ದಾರೆ. ಮಧ್ಯಾಹ್ನ ನಾನು ಅಂಗಡಿಗೆ ಹೊರಟ ಮೇಲೆ ಅವರು ಏಣಿ ಹತ್ತುವ ಸದ್ದು ಕೇಳಿಸಿತು. ನಾಳೆ ಅಮ್ಮನ ಬಾಯಿಗೂ ಟಾರ್ಚ್ ಬಿಟ್ಟು ನೋಡಬೇಕು.